ಚೀಸ್ ಬೀಫ್ ಸ್ಯಾಂಡ್‌ವಿಚ್: ಐದು ರಾತ್ರಿ, ಒಂದು ಕಾವಲಿ, ಒಂದು ಕಟ್ಟಿಕೊಂಡ ಸಿಂಕ್

ಕೆಲಸ ಮುಗಿಸಿ ಮನೆ ಸೇರುವಷ್ಟರಲ್ಲಿ ಏಳೂವರೆ. ಎಂಟಕ್ಕೆ ಮಗ ಫ್ರಿಜ್ ಬಾಗಿಲು ತೆಗೆದು "ಏನಿದೆ?" ಅಂತ ನಿಂತಿರುತ್ತಾನೆ. ಆ ಅರ್ಧ ಗಂಟೆಯಲ್ಲಿ ಆಗುವಂಥದ್ದು ಏನಾದರೂ ಬೇಕಿತ್ತು. ಬೀಫ್ ಖೀಮಾ ಹುರಿ, ಚೀಸ್ ಹಾಕು, ಬ್ರೆಡ್ಡಿನ ಮಧ್ಯೆ ಇಡು. ಇದರಲ್ಲಿ ಕೆಡುವುದಕ್ಕೆ ಏನಿದೆ ಅಂದುಕೊಂಡೆ. ನಾಲ್ಕು ಸಲ ಕೆಟ್ಟಿತು. ಐದನೇ ಸಲಕ್ಕೆ ಸರಿಹೋಯಿತು, ಆಮೇಲೆ ವಾರಕ್ಕೊಮ್ಮೆ ಅದೇ ಲೆಕ್ಕದಲ್ಲಿ ನಡೆದಿದೆ.

ಪ್ರತಿ ಸಲದ ಅಳತೆ, ನಿಮಿಷ ಎಲ್ಲ ಫ್ರಿಜ್ಜಿಗೆ ಅಂಟಿಸಿದ ಚೀಟಿಯಲ್ಲಿ ಬರೆದಿಡುತ್ತಿದ್ದೆ. ಅದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಜಿಡ್ಡು ಬಿದ್ದು ಕೆಲವು ಅಂಕಿ ಅಳಿಸಿಹೋಗಿವೆ, ಅವನ್ನು ಬಿಟ್ಟಿದ್ದೇನೆ.

ಶುರುವಿನಲ್ಲಿ ಮೂರು ಷರತ್ತು ಹಾಕಿಕೊಂಡಿದ್ದೆ. ಫ್ರಿಜ್ ತೆಗೆದಾಗಿನಿಂದ ತಟ್ಟೆಗೆ ಬರುವವರೆಗೆ 25 ನಿಮಿಷ. ತೊಳೆಯುವುದಕ್ಕೆ ಒಂದೇ ಕಾವಲಿ. ಮತ್ತೆ, ಕೊನೆಯ ತುತ್ತಿನವರೆಗೂ ಕೆಳಗಿನ ಬ್ರೆಡ್ ಒದ್ದೆಯಾಗಬಾರದು. ಮೂರನೆಯದೇ ನನ್ನನ್ನು ಎರಡು ವಾರ ಸತಾಯಿಸಿದ್ದು.

ಸಾಮಾನು

26 ಸೆಂ.ಮೀ. ಅಗಲದ ಎರಕದ ಕಬ್ಬಿಣದ ಕಾವಲಿ. ಅಂಚು ಚೂಪಾಗಿರುವ ಉಕ್ಕಿನ ಮಗುಚೋ ಕೈ. ಅಡುಗೆ ತಕ್ಕಡಿ, ತುರಿಯೋ ಮಣೆ, ಫೋನಿನ ಟೈಮರ್. ಮಾಂಸಕ್ಕೆ ಚುಚ್ಚುವ ಥರ್ಮಾಮೀಟರ್. ಜಿಡ್ಡು ಬಸಿಯುವುದಕ್ಕೆ ಒಂದು ಖಾಲಿ ತಗಡಿನ ಡಬ್ಬ. ಈ ಡಬ್ಬ ಮೊದಲ ಎರಡು ರಾತ್ರಿ ಪಟ್ಟಿಯಲ್ಲಿ ಇರಲಿಲ್ಲ. ಇದ್ದಿದ್ದರೆ ಈ ಬರಹ ಒಂದು ಭಾಗ ಚಿಕ್ಕದಾಗುತ್ತಿತ್ತು.

ಮೊದಲ ರಾತ್ರಿ, ಸೋಮವಾರ

ಖೀಮಾ 450 ಗ್ರಾಂ, ಕೊಬ್ಬು 5 ಶೇಕಡಾ. ಕೊಬ್ಬು ಕಡಿಮೆ ಇದ್ದರೆ ಒಳ್ಳೆಯದಲ್ವಾ ಅಂತ ಅದನ್ನೇ ತಂದಿದ್ದೆ. ಫ್ರೀಜರಿನಿಂದ ಬೆಳಿಗ್ಗೆಯೇ ತೆಗೆದು ಫ್ರಿಜ್ಜಿನ ಕೆಳಗಿನ ತಟ್ಟಿನಲ್ಲಿ ಇಟ್ಟು ಹೋಗಿದ್ದೆ. ರಾತ್ರಿ ನೋಡಿದರೆ ಮೇಲೆಲ್ಲ ಮೆತ್ತಗಾಗಿದೆ, ನಡುವೆ ಇನ್ನೂ ಕಲ್ಲು. ಹಸಿವು ಕೇಳಬೇಕಲ್ಲ. ಹಾಗೇ ಹಾಕಿದೆ.

ಬಳಸಿದ್ದು 24 ಸೆಂ.ಮೀ. ನಾನ್‌ಸ್ಟಿಕ್ ಬಾಣಲೆ. ಅದು ಕಾಯುವ ಮೊದಲೇ ಖೀಮಾ, ಹೆಚ್ಚಿದ ಒಂದು ಈರುಳ್ಳಿ, ಉಪ್ಪು, ಮೂರನ್ನೂ ಒಟ್ಟಿಗೆ ಸುರಿದೆ. ಎರಡು ನಿಮಿಷಕ್ಕೆ ಬಾಣಲೆಯಲ್ಲಿ ಬೂದು ಬಣ್ಣದ ನೀರು ನಿಂತಿತು. ನಡುವಿನ ಮಂಜಿನ ಗಡ್ಡೆ ಅದರಲ್ಲಿ ತೇಲುತ್ತಿತ್ತು. ಚುಯ್ ಅನ್ನುವ ಸದ್ದೇ ಇಲ್ಲ, ಬರೀ ಕೊತಕೊತ ಕುದಿ. ನಾನು ಹುರಿಯುತ್ತಿಲ್ಲ, ಬೇಯಿಸುತ್ತಿದ್ದೇನೆ ಅಂತ ಗೊತ್ತಾಗುತ್ತಿತ್ತು. ಆದರೂ ತಿರುವುತ್ತಲೇ ಇದ್ದೆ. ತಿರುವಿದಷ್ಟೂ ಬಾಣಲೆ ತಣ್ಣಗಾಗುತ್ತದೆ ಅನ್ನುವುದು ಆಗ ಹೊಳೆಯಲಿಲ್ಲ.

ನೀರು ಆರುವುದಕ್ಕೆ 14 ನಿಮಿಷ ಹಿಡಿಯಿತು. ಅಷ್ಟರಲ್ಲಿ ಮಾಂಸ ಸಣ್ಣ ಜಲ್ಲಿಕಲ್ಲಿನ ಹಾಗೆ ಗಟ್ಟಿ. ಬನ್ ಕತ್ತರಿಸಿ, ಅದರ ಮೇಲೆ ಖೀಮಾ ಹಾಕಿ, ಮೇಲೊಂದು ಚೀಸ್ ಸ್ಲೈಸ್ ಇಟ್ಟೆ. ಚೀಸ್ ಕರಗಲಿಲ್ಲ, ಬೆವರಿತು ಅಷ್ಟೇ. ಮೊದಲ ಕಡಿತಕ್ಕೆ ಅರ್ಧ ಖೀಮಾ ತಟ್ಟೆಗೆ ಉದುರಿತು. ಉಳಿದದ್ದರ ನೀರು ಕುಡಿದು ಬನ್ ಕೆಳಗಿನಿಂದ ಹಿಟ್ಟಾಯಿತು. ಮಗ ಚಮಚ ಕೇಳಿದ. ಸ್ಯಾಂಡ್‌ವಿಚ್ ತಿನ್ನಲು ಚಮಚ.

ಹಿಡಿದ ಸಮಯ: 38 ನಿಮಿಷ.

ಚೀಟಿಯಲ್ಲಿ ಬರೆದದ್ದು ಒಂದೇ ಸಾಲು: "ನೀರು. ಎಲ್ಲಾ ನೀರಿನದೇ ಕಾಟ."

ಫ್ರೀಜರಿನ ವಿಷಯ ಇಲ್ಲೇ ಮುಗಿಸಿಬಿಡುತ್ತೇನೆ. ಈಗ ಖೀಮಾ ತಂದ ದಿನವೇ 400 ಗ್ರಾಮಿನಂತೆ ಜಿಪ್ ಚೀಲಕ್ಕೆ ಹಾಕಿ, ಅಂಗೈಯಿಂದ ತಟ್ಟಿ, ಒಂದು ಸೆಂ.ಮೀ. ದಪ್ಪಕ್ಕೆ ಚಪ್ಪಟೆ ಮಾಡಿ ಇಡುತ್ತೇನೆ. ಪುಸ್ತಕದ ಹಾಗೆ ನಿಲ್ಲಿಸಿಡಬಹುದು, ಜಾಗವೂ ಉಳಿಯುತ್ತದೆ. ಬೆಳಿಗ್ಗೆ ಫ್ರಿಜ್ಜಿಗೆ ಇಳಿಸಿದರೆ ರಾತ್ರಿಗೆ ಪೂರ್ತಿ ಕರಗಿರುತ್ತದೆ. ಮರೆತರೆ ಚೀಲದ ಬಾಯಿ ಭದ್ರ ಮಾಡಿ ತಣ್ಣೀರಿನಲ್ಲಿ ಮುಳುಗಿಸುತ್ತೇನೆ, ಅರ್ಧ ಗಂಟೆಯಲ್ಲಿ ಕೆಲಸ ಆಗುತ್ತದೆ. ಹೊರಗೆ ಕಟ್ಟೆಯ ಮೇಲೆ ಇಟ್ಟು ಕರಗಿಸುವುದಿಲ್ಲ. ನಡುಭಾಗ ಕರಗುವ ಹೊತ್ತಿಗೆ ಹೊರಭಾಗ ಬೆಚ್ಚಗಾಗಿ, ಅಲ್ಲಿ ಬ್ಯಾಕ್ಟೀರಿಯಾ ಹೆಚ್ಚಿರುತ್ತದೆ.

ಎರಡನೇ ರಾತ್ರಿ, ಬುಧವಾರ

ಈ ಸಲ ಮೂರು ಬದಲಾವಣೆ. 20 ಶೇಕಡಾ ಕೊಬ್ಬಿನ ಖೀಮಾ, 400 ಗ್ರಾಂ. ನಾನ್‌ಸ್ಟಿಕ್ ಬಿಟ್ಟು ಎರಕದ ಕಾವಲಿ. ಈರುಳ್ಳಿ ಆಮೇಲೆ.

ಖಾಲಿ ಕಾವಲಿಯನ್ನು ನಡುಮಧ್ಯದ ಉರಿಯಲ್ಲಿ 4 ನಿಮಿಷ ಕಾಯಿಸಿದೆ. ನೀರಿನ ಹನಿ ಹಾಕಿದರೆ ಗುಂಡಗೆ ಉರುಳಿ ಓಡಿತು. ಖೀಮಾದ ತೇವವನ್ನು ಕಾಗದದ ಟವೆಲ್ಲಿನಿಂದ ಒತ್ತಿ ತೆಗೆದೆ. ಎಣ್ಣೆ ಹಾಕದೆ, ಇಡೀ ಖೀಮಾವನ್ನು ಒಂದೇ ರೊಟ್ಟಿಯ ಹಾಗೆ ಕಾವಲಿಯ ತುಂಬ ಒತ್ತಿ ಹರಡಿದೆ. ಮುಕ್ಕಾಲು ಸೆಂ.ಮೀ. ದಪ್ಪ ಬಂತು. ಉಪ್ಪು ಮೇಲಷ್ಟೇ ಉದುರಿಸಿದೆ. ಆಮೇಲೆ ಕೈ ಕಟ್ಟಿಕೊಂಡು ನಿಂತೆ. 4 ನಿಮಿಷ ಏನೂ ಮಾಡಲಿಲ್ಲ. ಇಡೀ ಅಡುಗೆಯಲ್ಲಿ ಕಷ್ಟದ ಕೆಲಸ ಇದೇ. ಕೈ ಸುಮ್ನೆ ಇರಲ್ಲ.

ಅಂಚು ಕಂದು ಬಣ್ಣಕ್ಕೆ ತಿರುಗಿ, ಸದ್ದು ಚುಯ್‌ನಿಂದ ಚಟಪಟಕ್ಕೆ ಬದಲಾಯಿತು. ಮಗುಚೋ ಕೈಯನ್ನು ಅಡಿಗೆ ತೂರಿಸಿ ಒಂದು ಮೂಲೆ ಎತ್ತಿ ನೋಡಿದೆ. ಅಡಿಯಲ್ಲಿ ಗಾಢ ಕಂದು, ಅಲ್ಲಲ್ಲಿ ಕಾಫಿ ಪುಡಿಯಷ್ಟು ಕಪ್ಪು. ಎಬ್ಬಿದಾಗ ಕರಕರ ಅಂತ ಬಿಟ್ಟುಕೊಂಡಿತು. ಆ ವಾಸನೆಗೆ ಒಳಗಿದ್ದವರೆಲ್ಲ ಅಡುಗೆಮನೆಗೆ ಬಂದರು. ಸೋಮವಾರ ಯಾರೂ ಬಂದಿರಲಿಲ್ಲ.

ಅಲ್ಲಿಗೆ ನಿಲ್ಲಿಸಬೇಕಿತ್ತು. ನಾನು ಗೆದ್ದೆ ಅಂದುಕೊಂಡು ಅದೇ ಉರಿಯಲ್ಲಿ ಮೂರು ಚಮಚ ಟೊಮೇಟೊ ಕೆಚಪ್ ಸುರಿದೆ. ಕೆಚಪ್ಪಿನಲ್ಲಿ ಸಕ್ಕರೆ ಇದೆ ಅನ್ನುವುದು ಎಲ್ಲರಿಗೂ ಗೊತ್ತು, ಆ ಕ್ಷಣಕ್ಕೆ ಮಾತ್ರ ನೆನಪಾಗಲಿಲ್ಲ. ಅರ್ಧ ನಿಮಿಷಕ್ಕೆ ಸಕ್ಕರೆ ಹೊತ್ತಿ ಕಹಿ ಹೊಗೆ. ಹೊಗೆ ಅಲಾರಂ ಕಿರುಚಿತು. ಅದನ್ನು ಆರಿಸಲು ಕುರ್ಚಿ ಹತ್ತಿದೆ, ಕೆಳಗೆ ಖೀಮಾ ಇನ್ನಷ್ಟು ಕರಕಲಾಯಿತು.

ಗಾಬರಿಯಲ್ಲಿ ಇನ್ನೊಂದು ಎಡವಟ್ಟು. ಕಾವಲಿಯಲ್ಲಿ ಮೂರು ಚಮಚದಷ್ಟು ಕೊಬ್ಬು ಕರಗಿ ನಿಂತಿತ್ತು. ಕಾವಲಿ ಬಾಗಿಸಿ ಅದಷ್ಟನ್ನೂ ಸಿಂಕಿಗೆ ಬಿಟ್ಟೆ. ಹಿಂದೆಯೇ ಬಿಸಿನೀರು ಬಿಟ್ಟೆ, ಹೋಯಿತು ಅಂದುಕೊಂಡೆ.

ಹಿಡಿದ ಸಮಯ: 31 ನಿಮಿಷ. ತಿಂದದ್ದು ಮುಕ್ಕಾಲು ಪಾಲು. ಉಳಿದದ್ದು ಕಹಿ.

ನಡುವೆ ಒಂದು ದುರಸ್ತಿ, ಗುರುವಾರ ಬೆಳಿಗ್ಗೆ

ಸಿಂಕಿನಲ್ಲಿ ನೀರು ನಿಂತಿತ್ತು.

ಬಿಸಿಯಿದ್ದಾಗ ಎಣ್ಣೆಯ ಹಾಗೆ ಹರಿಯುವ ದನದ ಕೊಬ್ಬು, ಕೈಗೆ ಬೆಚ್ಚಗೆ ಅನ್ನಿಸುವ ಶಾಖಕ್ಕೆ ಇಳಿದರೆ ಸಾಕು, ಗಟ್ಟಿಯಾಗಲು ಶುರು ಮಾಡುತ್ತದೆ. ರಾತ್ರಿಯೆಲ್ಲ ಪೈಪಿನೊಳಗೆ ಅದಕ್ಕೆ ಬೇಕಾದಷ್ಟು ಹೊತ್ತು ಸಿಕ್ಕಿತ್ತು.

ರಬ್ಬರ್ ಪಂಪು ಹಾಕಿ 10 ನಿಮಿಷ ಒತ್ತಿದೆ. ತೋಳು ನೋವು ಬಂತು, ನೀರು ಒಂದು ಇಂಚೂ ಇಳಿಯಲಿಲ್ಲ. ಆಮೇಲೆ ಸಿಂಕಿನ ಕೆಳಗೆ ಬಕೆಟ್ ಇಟ್ಟು, ಯು ಆಕಾರದ ಪೈಪಿನ ಎರಡೂ ನಟ್ಟು ಕೈಯಲ್ಲೇ ತಿರುಗಿಸಿ ಬಿಚ್ಚಿದೆ. ಪ್ಲಾಸ್ಟಿಕ್ ನಟ್ಟು, ಸ್ಪ್ಯಾನರ್ ಬೇಕಾಗಲಿಲ್ಲ. ನಿಂತ ನೀರೆಲ್ಲ ಒಮ್ಮೆಗೇ ಬಕೆಟ್ಟಿಗೆ ಬಿತ್ತು, ಕಾಲು ಭಾಗ ನನ್ನ ಮೇಲೆ. ಪೈಪಿನ ಬಾಗಿನಲ್ಲಿ ಬಿಳೀ ಮೇಣದ ಬತ್ತಿ ಹಾಗೆ ಒಂದು ಗಡ್ಡೆ. ಅದರೊಳಗೆ ಈರುಳ್ಳಿ ಚೂರು ಸಾಲಾಗಿ ಅಂಟಿಕೊಂಡಿದ್ದವು. ಹೊರಗೆ ತಳ್ಳಿದಾಗ ಪೈಪಿನದೇ ಅಚ್ಚಿನಲ್ಲಿ ಬಾಗಿದ ತುಂಡು ಬಂತು, ನೋಡಲು ಚೆಂದವಾಗಿಯೇ ಇತ್ತು. ಕಾಗದದಲ್ಲಿ ಸುತ್ತಿ ಕಸಕ್ಕೆ ಹಾಕಿದೆ. ಪೈಪನ್ನು ಬಾಟಲಿ ತೊಳೆಯುವ ಬ್ರಶ್, ಸೋಪಿನ ಬಿಸಿನೀರಿನಲ್ಲಿ ತಿಕ್ಕಿದೆ.

ಮರಳಿ ಕೂರಿಸಿ ನಲ್ಲಿ ಬಿಟ್ಟರೆ ಟಪ್ ಟಪ್ ಅಂತ ಸೋರಿಕೆ. ರಬ್ಬರ್ ವಾಷರನ್ನು ತಿರುಗುಮುರುಗಾಗಿ ಹಾಕಿದ್ದೆ. ಅದರ ಒಂದು ಬದಿ ಓರೆಯಾಗಿರುತ್ತದೆ, ಅದು ಜೋಡಣೆಯ ಬಾಯಿಯ ಒಳಕ್ಕೆ ಹೋಗಬೇಕು. ಮತ್ತೆ ಬಿಚ್ಚಿ ಸರಿಮಾಡಿದೆ. ಒಟ್ಟು 50 ನಿಮಿಷ. ಕೆಲಸಕ್ಕೆ ತಡವಾಗಿ ಹೋದೆ. ತಡವಾದದ್ದಕ್ಕೆ ನಿಜವಾದ ಕಾರಣ ಯಾರಿಗೂ ಹೇಳಲಿಲ್ಲ.

ಅವತ್ತು ತಗಡಿನ ಡಬ್ಬ ಸಾಮಾನಿನ ಪಟ್ಟಿಗೆ ಸೇರಿತು. ಕೊಬ್ಬನ್ನು ಅದಕ್ಕೆ ಬಸಿದು, ತಣ್ಣಗೆ ಗಟ್ಟಿಯಾದ ಮೇಲೆ ಕೆರೆದು ಕಸಕ್ಕೆ. ಕಾವಲಿಯನ್ನೂ ತೊಳೆಯುವ ಮೊದಲು ಕಾಗದದಿಂದ ಒರೆಸುತ್ತೇನೆ.

ಮೂರನೇ ರಾತ್ರಿ, ಶುಕ್ರವಾರ: ಚೀಸ್

ಮಾಂಸ ಹುರಿಯುವುದು ಈಗ ಕೈಗೆ ಬಂದಿತ್ತು. 400 ಗ್ರಾಂ, 4 ನಿಮಿಷ ಮುಟ್ಟದೆ, ಆಮೇಲೆ ರೊಟ್ಟಿಯನ್ನು ನಾಲ್ಕು ಭಾಗ ಮಾಡಿ ಮಗುಚಿ ಒಂದು ನಿಮಿಷ, ಆಮೇಲೆ ಬಟಾಣಿ ಗಾತ್ರಕ್ಕೆ ಪುಡಿ. ಕೊಬ್ಬನ್ನು ಡಬ್ಬಕ್ಕೆ ಬಸಿದೆ, ಒಂದು ಚಮಚ ಉಳಿಸಿಕೊಂಡು ಅದರಲ್ಲಿ ಈರುಳ್ಳಿ 3 ನಿಮಿಷ. ಇಲ್ಲಿಯವರೆಗೆ ಎಲ್ಲ ಸರಿ.

ಉದುರುವ ಖೀಮಾವನ್ನು ಹಿಡಿದಿಡುವುದು ಹೇಗೆ ಅನ್ನುವುದು ಉಳಿದ ಪ್ರಶ್ನೆ. ಚೀಸನ್ನು ಮೇಲೆ ಇಡುವ ಬದಲು ಖೀಮಾದ ಒಳಗೇ ಕಲಸಿದರೆ ಅಂಟಾಗಿ ಕೂರುತ್ತದಲ್ಲ ಅಂತ ಯೋಚಿಸಿದೆ. ಯೋಚನೆ ಸರಿಯಾಗಿತ್ತು. ಚೀಸ್ ತಪ್ಪಾಗಿತ್ತು.

ಮೊದಲು ಹಾಕಿದ್ದು ಚೆನ್ನಾಗಿ ಹಳೆಯದಾದ ಚೆಡ್ಡಾರ್, 120 ಗ್ರಾಂ. ರುಚಿ ಜೋರು ಅಂತ. ಉರಿಯ ಮೇಲೆಯೇ ಹಾಕಿ ತಿರುವಿದೆ. ಅರೆ ನಿಮಿಷಕ್ಕೆ ಎಣ್ಣೆ ಬೇರೆ, ರಬ್ಬರಿನ ಮುದ್ದೆ ಬೇರೆ. ಆಗ ತಾನೇ ಬಸಿದ ಕೊಬ್ಬಿನ ಜಾಗಕ್ಕೆ ಚೀಸಿನ ಕೊಬ್ಬು ಬಂದು ಕೂತಿತು. ಹಳೆಯ ಚೀಸಿನಲ್ಲಿ ತೇವ ಕಮ್ಮಿ, ಅದರ ಪ್ರೋಟೀನಿನ ಬಲೆಯೂ ಸಡಿಲವಾಗಿರುತ್ತದೆ. ಜಾಸ್ತಿ ಶಾಖಕ್ಕೆ ಕೊಬ್ಬನ್ನು ಹಿಡಿದುಕೊಳ್ಳಲಾರದೆ ಬಿಟ್ಟುಬಿಡುತ್ತದೆ. ಒಂದು ಚಮಚ ಬಿಸಿನೀರು ಹಾಕಿ ಕಲಸಿ ನೋಡಿದೆ, ಅರ್ಧಂಬರ್ಧ ಕೂಡಿಕೊಂಡಿತು. ತಿಂದೆವು. ಕೈಯೆಲ್ಲ ಎಣ್ಣೆ.

ಅದೇ ರಾತ್ರಿ ಒಂದು ಹಿಡಿ ಖೀಮಾ ಪಕ್ಕಕ್ಕೆ ತೆಗೆದಿಟ್ಟು ಬರೀ ಮೊಝರೆಲ್ಲಾ ಹಾಕಿ ನೋಡಿದೆ. ಎಳೆ ಎಳೆಯಾಗಿ ಬಂತು, ಫೋಟೋಗೆ ಹೇಳಿ ಮಾಡಿಸಿದ ಹಾಗೆ. ತಿಂದಾಗ ಮೊದಲ ಕಡಿತಕ್ಕೇ ಒಳಗಿನದೆಲ್ಲ ಒಂದೇ ಹಗ್ಗವಾಗಿ ಹೊರಗೆ ಬಂದು ಗಲ್ಲಕ್ಕೆ ಬಡಿಯಿತು. ಒಳಗೆ ಬರೀ ಬ್ರೆಡ್ ಉಳಿಯಿತು. ರುಚಿಯೂ ಸಪ್ಪೆ.

ಇನ್ನೊಂದು ಹಿಡಿಗೆ ಪ್ಯಾಕೆಟ್ಟಿನಲ್ಲಿ ತುರಿದೇ ಸಿಗುವ ಚೀಸ್ ಹಾಕಿದೆ. ಅಂಟಿಕೊಳ್ಳದಿರಲಿ ಅಂತ ಆ ತುರಿಗೆ ಪಿಷ್ಟವನ್ನೋ ಸೆಲ್ಯುಲೋಸನ್ನೋ ಸವರಿರುತ್ತಾರೆ. ಕರಗಿತು, ಆದರೆ ಬಾಯಿಗೆ ಸ್ವಲ್ಪ ಹಿಟ್ಟುಹಿಟ್ಟು. ಎರಡು ನಿಮಿಷ ಉಳಿಸುವುದಕ್ಕೆ ಇಷ್ಟು ಬೇಡ ಅನ್ನಿಸಿತು. ತುರಿಯೋ ಮಣೆ ಹೇಗೂ ಇದೆ.

ಸರಿಹೋದದ್ದು ಕಲಬೆರಕೆ. ಎಳೆಯ ಚೆಡ್ಡಾರ್ 80 ಗ್ರಾಂ, ಆಗಲೇ ತುರಿದದ್ದು. ಜೊತೆಗೆ ಪ್ರೊಸೆಸ್ಡ್ ಚೀಸ್ ಸ್ಲೈಸ್ 3, ಅಂದರೆ 60 ಗ್ರಾಂ, ಚೂರು ಮಾಡಿದ್ದು. ಪ್ರೊಸೆಸ್ಡ್ ಚೀಸ್ ಅಂದರೆ ಮೂಗು ಮುರಿಯುವವರಿದ್ದಾರೆ, ನಾನೂ ಮುರಿಯುತ್ತಿದ್ದೆ. ಆದರೆ ಅದರಲ್ಲಿ ಸೋಡಿಯಂ ಸಿಟ್ರೇಟಿನಂಥ ಲವಣ ಇರುತ್ತದೆ. ಕೊಬ್ಬು, ನೀರು ಬೇರೆಯಾಗದಂತೆ ಅದು ಹಿಡಿದುಕೊಳ್ಳುತ್ತದೆ. ಪಕ್ಕದ ಚೆಡ್ಡಾರನ್ನೂ ಕಾಯುತ್ತದೆ. ರುಚಿಗೆ ಚೆಡ್ಡಾರ್, ಅಂಟಿಗೆ ಸ್ಲೈಸ್. ಹಾಕುವ ಮುಂಚೆ ಒಲೆ ಆರಿಸಿ ಒಂದು ನಿಮಿಷ ಕಾಯಬೇಕು. ಎರಕದ ಕಾವಲಿ ಶಾಖವನ್ನು ಬಿಡುವುದೇ ಇಲ್ಲ, ಚೀಸ್ ಕರಗಲು ಉಳಿದ ಬಿಸಿಯೇ ಸಾಕು.

ಸಮಯ ಬರೆದಿಲ್ಲ. ಪ್ರಯೋಗದಲ್ಲೇ ಒಂದು ಗಂಟೆ ಹೋಯಿತು.

ನಾಲ್ಕನೇ ರಾತ್ರಿ, ಮಂಗಳವಾರ: ಬ್ರೆಡ್, ಮತ್ತೆ ಸೋಡಾದ ಪುರಾಣ

ಮೊದಲ ರಾತ್ರಿ ತಂದ 5 ಶೇಕಡಾ ಕೊಬ್ಬಿನ ಖೀಮಾದ ಇನ್ನೊಂದು ಪ್ಯಾಕೆಟ್ ಫ್ರೀಜರಿನಲ್ಲಿತ್ತು. ಬಿಸಾಡಲು ಮನಸ್ಸಿಲ್ಲ. ಖೀಮಾಕ್ಕೆ ಅಡುಗೆ ಸೋಡಾ ಸವರಿ 15 ನಿಮಿಷ ಬಿಟ್ಟರೆ ನೀರು ಹಿಡಿದುಕೊಳ್ಳುತ್ತದೆ, ಬೇಗ ಕಂದಾಗುತ್ತದೆ ಅನ್ನುವುದು ಗೊತ್ತಿತ್ತು. ಅಳತೆ ಎಂದರೆ 450 ಗ್ರಾಮಿಗೆ ಕಾಲು ಟೀ ಚಮಚ, ಒಂದು ದೊಡ್ಡ ಚಮಚ ನೀರಿನಲ್ಲಿ ಕರಗಿಸಿದ್ದು. ನಾನು ಕಣ್ಣಳತೆಯಲ್ಲಿ ಹಾಕಿದೆ. ಡಬ್ಬ ಬಾಗಿಸಿದಾಗ ಧಸಕ್ ಅಂತ ಬಿತ್ತು, ಒಂದು ಚಮಚದಷ್ಟು ಬಿದ್ದಿರಬೇಕು. ಇರಲಿ ಬಿಡು ಅಂದುಕೊಂಡೆ.

ಇರಲಿ ಬಿಡು ಅನ್ನಬಾರದಿತ್ತು. ಬಣ್ಣವೇನೋ ಬೆಂಕಿಯ ಹಾಗೆ ಬೇಗ ಬಂತು. ತಿಂದರೆ ಸೋಪು. ಮಾಂಸ ಮೆತ್ತಗೆ, ಅಗಿಯಲು ಏನೂ ಇಲ್ಲ. ಸಾಸಿವೆ ಸಾಸ್ ಜಾಸ್ತಿ ಹಾಕಿ ಮುಚ್ಚಿಹಾಕಲು ನೋಡಿದೆ. ಮಗ ಒಂದು ಕಡಿತಕ್ಕೆ ತಟ್ಟೆ ದೂರ ತಳ್ಳಿದ, ಮೊಟ್ಟೆ ಹಾಕಿಕೊಟ್ಟೆ. ಆಮೇಲೆ ಒಂದು ಭಾನುವಾರ ಸರಿಯಾದ ಅಳತೆಯಲ್ಲಿ ಮಾಡಿದೆ, ನಿಜಕ್ಕೂ ಕೆಲಸ ಮಾಡುತ್ತದೆ. ಕೊಬ್ಬು ಕಡಿಮೆಯ ಖೀಮಾ ಆದರೆ ಮಾಡಿ. 20 ಶೇಕಡಾ ಇದ್ದರೆ ಆ 15 ನಿಮಿಷ ಸುಮ್ನೆ ದಂಡ.

ಮಾಂಸ ಕೆಟ್ಟರೂ ಬ್ರೆಡ್ಡಿನ ಪರೀಕ್ಷೆ ನಡೆಸಿದೆ. ನಾಲ್ಕು ಸ್ಯಾಂಡ್‌ವಿಚ್, ನಾಲ್ಕು ಥರ.

ಒಂದು, ಮೆತ್ತನೆಯ ಬನ್, ಕತ್ತರಿಸಿದ ಬದಿ ಮಾತ್ರ ಕಾವಲಿಯ ಕೊಬ್ಬಿನಲ್ಲಿ ಕಾಯಿಸಿದ್ದು. 5 ನಿಮಿಷ ತಡೆಯಿತು, ಆಮೇಲೆ ಕುಸಿಯಿತು. ಕೂತ ತಕ್ಷಣ ತಿನ್ನುವವರಿಗೆ ಇದೇ ಸಾಕು.

ಎರಡು, ಟೋಸ್ಟರಿನಲ್ಲಿ ಎರಡೂ ಬದಿ ಗಟ್ಟಿಯಾಗಿ ಸುಟ್ಟ ಬ್ರೆಡ್. ಒದ್ದೆಯಾಗಲಿಲ್ಲ. ಬಾಯಿಯ ಮೇಲ್ಭಾಗ ಗೀರಿತು. ಕಚ್ಚಿದಾಗ ಬ್ರೆಡ್ ಬಗ್ಗದೆ ಒಳಗಿನದು ಹಿಂದಿನಿಂದ ಹೊರಬಿತ್ತು.

ಮೂರು, ಹೊರಗೆ ಬೆಣ್ಣೆ ಸವರಿ, ಮುಚ್ಚಿ, ಕಾವಲಿಯಲ್ಲಿ ಕಾಯಿಸಿದ್ದು. ಪರಿಮಳ ಇದಕ್ಕೇ ಜಾಸ್ತಿ. ಆದರೆ ಬೆಣ್ಣೆಯಲ್ಲಿನ ಹಾಲಿನ ಅಂಶ ಬೇಗ ಹೊತ್ತಿ ಮಚ್ಚೆ ಮಚ್ಚೆಯಾಗಿ ಕಪ್ಪಾಯಿತು. ಫ್ರಿಜ್ಜಿನ ಗಟ್ಟಿ ಬೆಣ್ಣೆ ಸವರುವಾಗ ಬ್ರೆಡ್ ಹರಿದದ್ದು ಬೇರೆ.

ನಾಲ್ಕು, ಬೆಣ್ಣೆಯ ಬದಲು ಮಯೊನೀಸ್, ಸ್ಲೈಸಿಗೆ ಒಂದು ಟೀ ಚಮಚ. ಮಯೊನೀಸ್ ಅಂದರೆ ಎಣ್ಣೆ ಮತ್ತು ಮೊಟ್ಟೆ ತಾನೆ. ಫ್ರಿಜ್ಜಿನಿಂದ ತೆಗೆದ ಕೂಡಲೇ ಸಲೀಸಾಗಿ ಹರಡಿತು. ಅಂಚಿನಿಂದ ಅಂಚಿಗೆ ಒಂದೇ ಬಣ್ಣ, ಎಲ್ಲೂ ಕಪ್ಪಿಲ್ಲ. ಕಾದ ಮೇಲೆ ಮಯೊನೀಸಿನ ರುಚಿಯೇ ಉಳಿಯಲಿಲ್ಲ. ಇದನ್ನೇ ಇಟ್ಟುಕೊಂಡೆ.

ಇಲ್ಲೊಂದು ಸಣ್ಣ ತಪ್ಪು. ಒಳಗಿನದು ಬಿಸಿಯಾಗಲಿ ಅಂತ ಮೂರನೆಯದಕ್ಕೆ ಕಾವಲಿಯ ಮೇಲೆ ಮುಚ್ಚಳ ಮುಚ್ಚಿದ್ದೆ. ಮುಚ್ಚಳ ತೆಗೆದಾಗ ಅದಕ್ಕೆ ಅಂಟಿದ್ದ ಹಬೆ ನೀರಾಗಿ ಬ್ರೆಡ್ಡಿನ ಮೇಲೇ ಸುರಿಯಿತು. ಗರಿಗರಿಯಾದದ್ದು ಕಣ್ಣೆದುರೇ ಮೆತ್ತಗಾಯಿತು. ಕಾಯಿಸಿದ ನಾಲ್ಕನ್ನೂ ತಟ್ಟೆಯಲ್ಲಿ ಒಂದರ ಮೇಲೊಂದು ಇಟ್ಟದ್ದೂ ತಪ್ಪೇ, ಕೆಳಗಿನದರ ತಳದಲ್ಲಿ ಬೆವರು. ಈಗ ತಂತಿಯ ಸ್ಟ್ಯಾಂಡಿನ ಮೇಲೆ ಬಿಡಿಬಿಡಿಯಾಗಿ ಇಡುತ್ತೇನೆ. ಮತ್ತೆ ಅದೇ ನೀರು, ಬೇರೆ ದಾರಿಯಲ್ಲಿ.

ಐದನೇ ರಾತ್ರಿ, ಗುರುವಾರ

ಚೀಟಿಯಲ್ಲಿದ್ದ ಹಾಗೇ, ನಿಮಿಷದ ಲೆಕ್ಕದಲ್ಲಿ.

0: ಕಾವಲಿ ಒಲೆಯ ಮೇಲೆ, ನಡುಮಧ್ಯದ ಉರಿ, ಎಣ್ಣೆ ಇಲ್ಲ. ಅದು ಕಾಯುವಾಗ ಒಂದು ಈರುಳ್ಳಿ ಸಣ್ಣಗೆ ಹೆಚ್ಚಿದೆ. ಖೀಮಾದ ತೇವ ಒರೆಸಿದೆ.

4: ಖೀಮಾ 400 ಗ್ರಾಂ ಕಾವಲಿಗೆ, ಒತ್ತಿ ಹರಡಿದೆ. ಅರ್ಧ ಟೀ ಚಮಚ ಉಪ್ಪು, ಕಾಳುಮೆಣಸಿನ ಪುಡಿ ಮೇಲಿನಿಂದ. ಉಪ್ಪನ್ನು ಒಳಗೆ ಕಲಸಬೇಡಿ. ಕಲಸಿದರೆ ಖೀಮಾ ಅಂಟಿಕೊಂಡು ರಬ್ಬರಿನ ಹಾಗೆ ಪುಟಿಯುತ್ತದೆ. ಕೈಗೆ ಕೆಲಸ ಬೇಕಲ್ಲ, ಈ ನಾಲ್ಕು ನಿಮಿಷ ಚೀಸ್ ತುರಿದೆ. ಹೀಗೆ ಮಾಡಿದರೆ ಖೀಮಾ ತಿರುವುವ ಆಸೆಯೂ ಬರಲ್ಲ.

8: ನಾಲ್ಕು ಭಾಗ ಮಾಡಿ ಮಗುಚಿದೆ. ಒಂದು ನಿಮಿಷ. ಪುಡಿ ಮಾಡಿದೆ, ತೀರಾ ಸಣ್ಣಗೆ ಅಲ್ಲ.

10: ಖೀಮಾವನ್ನು ಒಂದು ಬದಿಗೆ ತಳ್ಳಿ, ಕಾವಲಿ ಓರೆ ಮಾಡಿ, ಕೊಬ್ಬನ್ನು ಚಮಚದಲ್ಲಿ ಡಬ್ಬಕ್ಕೆ. ಒಂದು ಚಮಚ ಬಿಟ್ಟೆ. ಖಾಲಿ ಜಾಗಕ್ಕೆ ಈರುಳ್ಳಿ, 3 ನಿಮಿಷ.

13: ಥರ್ಮಾಮೀಟರ್. ಬಿಡಿಬಿಡಿ ಖೀಮಾದಲ್ಲಿ ಮೊನೆ ನಿಲ್ಲುವುದಿಲ್ಲ, ಅದಕ್ಕೆ ಎಲ್ಲವನ್ನೂ ಗುಡ್ಡೆ ಮಾಡಿ ಪಕ್ಕದಿಂದ ಚುಚ್ಚಿದೆ. 78 ಡಿಗ್ರಿ ಸೆಲ್ಸಿಯಸ್ ತೋರಿಸಿತು. ಬೀಫ್ ಖೀಮಾಕ್ಕೆ ಬೇಕಾದದ್ದು ಕನಿಷ್ಠ 71. ಇಡೀ ತುಂಡಿನ ಮಾಂಸದಲ್ಲಿ ಬ್ಯಾಕ್ಟೀರಿಯಾ ಹೊರಮೈಯಲ್ಲೇ ಇರುತ್ತದೆ, ಕೊಚ್ಚಿದಾಗ ಎಲ್ಲ ಕಡೆ ಹರಡುತ್ತದೆ. ಬಣ್ಣ ನೋಡಿ ನಿರ್ಧರಿಸುವುದು ನಂಬಿಕೆಯ ಕೆಲಸವಲ್ಲ, ಕೆಲವು ಖೀಮಾ 71 ಮುಟ್ಟುವ ಮೊದಲೇ ಕಂದಾಗಿಬಿಡುತ್ತದೆ.

14: ಒಲೆ ಆರಿಸಿದೆ. ಎರಡು ಟೀ ಚಮಚ ಸಾಸಿವೆ ಸಾಸ್, ಒಂದು ದೊಡ್ಡ ಚಮಚ ಕೆಚಪ್, ಎರಡು ದೊಡ್ಡ ಚಮಚ ನೀರು. ನೀರು ಬಿದ್ದ ಕೂಡಲೇ ಭುಸ್ ಅಂತ ಎದ್ದಿತು. ಆ ಹಬೆಯಲ್ಲೇ ಕಾವಲಿಗೆ ಅಂಟಿದ ಕಂದು ಪದರವನ್ನು ಕೆರೆದೆ. ರುಚಿ ಇರುವುದು ಅದರಲ್ಲೇ. ಇಷ್ಟು ದಿನ ನೀರನ್ನು ಬೈದವನು ನಾನೇ ನೀರು ಹಾಕಿದೆ ಅಂತ ನಗಬೇಡಿ, ಒಂದು ನಿಮಿಷದಲ್ಲಿ ಅದಷ್ಟೂ ಆವಿಯಾಗಿ ಹೋಯಿತು. ಕೆಚಪ್ಪೂ ಸುಡಲಿಲ್ಲ.

15: ಚೀಸ್ ಎರಡೂ. 40 ಸೆಕೆಂಡು ಕಲಸಿದೆ. ಖೀಮಾದ ಕಾಳು ಕಾಳಿಗೂ ಚೀಸ್ ಹತ್ತಿ, ಮಗುಚೋ ಕೈ ಎತ್ತಿದರೆ ಇಡೀ ಮುದ್ದೆ ಜೊತೆಗೆ ಎದ್ದಿತು. ಅವತ್ತು ಮೊದಲ ಸಲ ಜೀವ ಬಂದಂತಾಯಿತು. ಬಟ್ಟಲಿಗೆ ತೆಗೆದು, ಕಾವಲಿಯನ್ನು ಒಣ ಕಾಗದದಿಂದ ಒರೆಸಿದೆ.

17: ಉರಿ ಈಗ ಸಣ್ಣದಕ್ಕಿಂತ ತುಸು ಜಾಸ್ತಿ. ಬ್ರೆಡ್ಡಿನ ಹೊರಬದಿಗೆ ಮಯೊನೀಸ್. ಕಾವಲಿಗೆ ಎರಡು ಸ್ಲೈಸ್, ಮೇಲೆ ಮುದ್ದೆಯ ಕಾಲು ಕಾಲು ಭಾಗ, ಅಂಚಿನಿಂದ ಒಂದು ಬೆರಳು ಒಳಗೇ. ಮುಚ್ಚಿ, 10 ಸೆಕೆಂಡು ಒತ್ತಿ ಹಿಡಿದೆ. ಎರಡೂವರೆ ನಿಮಿಷ ಒಂದು ಬದಿ, ಎರಡು ನಿಮಿಷ ಇನ್ನೊಂದು. ಮುಚ್ಚಳ ಇಲ್ಲ.

22: ಮೊದಲ ಎರಡು ತಂತಿಯ ಮೇಲೆ. ಇನ್ನೆರಡು ಕಾವಲಿಗೆ.

27: ಮುಗಿಯಿತು.

ಷರತ್ತು 25, ಹಿಡಿದದ್ದು 27. ಎರಡು ನಿಮಿಷ ಸಾಲ. ಕಾವಲಿಯಲ್ಲಿ ಒಮ್ಮೆಗೆ ಎರಡೇ ಹಿಡಿಯುವುದರಿಂದ ಅದಕ್ಕಿಂತ ಕೆಳಗೆ ಇಳಿಸಲು ನನಗೆ ಆಗಿಲ್ಲ. ದೊಡ್ಡ ಕಾವಲಿ ಕೊಂಡರೆ ಆದೀತು, ಆದರೆ ಎರಡು ನಿಮಿಷಕ್ಕೆ ಕಾವಲಿ ಕೊಳ್ಳುವುದು ಯಾಕೋ ಅತಿಯಾಯಿತು ಅನ್ನಿಸುತ್ತದೆ.

ತ್ರಿಕೋನಕ್ಕೆ ಕತ್ತರಿಸಿದಾಗ ಚಾಕು ಕರ್ ಅಂದಿತು. ಕತ್ತರಿಸಿದ ಅಂಚಿನಲ್ಲಿ ಚೀಸ್ ನಿಧಾನಕ್ಕೆ ಉಬ್ಬಿ ಬಂತು, ಆದರೆ ಸುರಿಯಲಿಲ್ಲ. ಕೆಳಗಿನ ಬ್ರೆಡ್ ತಿರುಗಿಸಿ ನೋಡಿದೆ, ಒಣಗಿತ್ತು. ಹತ್ತು ನಿಮಿಷದ ನಂತರ ಉಳಿದ ಅರ್ಧವನ್ನು ಇನ್ನೊಮ್ಮೆ ತಿರುಗಿಸಿ ನೋಡಿದೆ, ಆಗಲೂ ಒಣಗಿತ್ತು. "ಊಟ ಮಾಡ್ತಿದ್ದೀಯೋ, ತಪಾಸಣೆ ಮಾಡ್ತಿದ್ದೀಯೋ" ಅಂತ ಹೆಂಡತಿ ಕೇಳಿದಳು. ಉಪ್ಪಿನಲ್ಲಿ ಹಾಕಿದ ಸೌತೆಕಾಯಿ ಇದ್ದರೆ ಪಕ್ಕಕ್ಕೆ ಚೆನ್ನ. ಒಳಗೆ ಹಾಕಬೇಡಿ, ಅದರಲ್ಲೂ ನೀರೇ.

ಇನ್ನೂ ಸರಿಯಾಗದ್ದು

ಉಳಿದ ಮುದ್ದೆಯನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಇಟ್ಟು ಮರುದಿನ ಬಳಸಿದೆ. ಮೈಕ್ರೋವೇವಿನಲ್ಲಿ ಬಿಸಿ ಮಾಡಿದರೆ ಅಂಚು ಕುದಿದು ಎಣ್ಣೆ ಬಿಟ್ಟಿತು, ನಡುವೆ ತಣ್ಣಗೇ ಇತ್ತು. ಕಾವಲಿಯಲ್ಲಿ ಒಂದು ಚಮಚ ಹಾಲು ಹಾಕಿ ಸಣ್ಣ ಉರಿಯಲ್ಲಿ ಕಲಸುತ್ತಾ ಪೂರ್ತಿ ಬಿಸಿ ಮಾಡಿದರೆ ಪರವಾಗಿಲ್ಲ. ಮೊದಲ ದಿನದ್ದಕ್ಕೆ ಸಮ ಅಲ್ಲ.

ಎರಡನೇ ಜೋಡಿ ಸ್ಯಾಂಡ್‌ವಿಚ್ಚಿನ ಬಣ್ಣ ಪ್ರತಿ ಸಲ ಮೊದಲಿನದಕ್ಕಿಂತ ಕಪ್ಪು. ಕಾವಲಿ ಅಷ್ಟರಲ್ಲಿ ಇನ್ನೂ ಕಾದಿರುತ್ತದೆ. ಉರಿ ತಗ್ಗಿಸಿ ನೋಡಿದೆ, ಎರಕದ ಕಾವಲಿಗೆ ಅದು ಗೊತ್ತಾಗುವಷ್ಟರಲ್ಲಿ ಸ್ಯಾಂಡ್‌ವಿಚ್ ಆಗಿಹೋಗಿರುತ್ತದೆ. ಹೋದ ವಾರ ಎರಡೂವರೆ ನಿಮಿಷವನ್ನು 1 ನಿಮಿಷ 50 ಸೆಕೆಂಡಿಗೆ ಇಳಿಸಿದೆ. ಬಣ್ಣ ಸರಿಬಂತು, ಒಳಗಿನ ಚೀಸ್ ಸ್ವಲ್ಪ ಬಿಗಿ. ಈ ಗುರುವಾರ 2 ನಿಮಿಷ 5 ಸೆಕೆಂಡು ಇಟ್ಟು ನೋಡುವುದಿದೆ. ಅಲ್ಲಿಯವರೆಗೆ ಕಪ್ಪಾದ ಜೋಡಿ ನನ್ನ ತಟ್ಟೆಗೆ.